ಚೀಲ ಹೊರಲು ಬಂದವನು: ಸಭೆಯ ಅನ್ಯೋನ್ಯತೆಯಿಂದ ದೂರ ಸರಿದ ಯೌವನಸ್ಥನೊಬ್ಬನ ಪ್ರಕರಣ

ಕ್ರೈಸ್ತ ಸಭೆಯೊಂದರಲ್ಲಿ ಯೌವನಸ್ಥರ ಸೇವೆಯ ಹೊಣೆ ಹೊತ್ತು ನನಗೆ ಒಂಬತ್ತು ವರ್ಷಗಳಾದವು. ಆರಾಧನೆಗೆ ಬರುವುದನ್ನು ನಿಲ್ಲಿಸಿದ ಯುವಕ ಯುವತಿಯರ ಬಗ್ಗೆ ಹಿರಿಯರ ಕೂಟಗಳಲ್ಲಿ ಈ ಅವಧಿಯಲ್ಲಿ ಎಷ್ಟೋ ಸಲ ಮಾತನಾಡಿದ್ದೇವೆ, ಪ್ರಾರ್ಥಿಸಿದ್ದೇವೆ, ಕಾಲವನ್ನೂ ಮೊಬೈಲನ್ನೂ ದೂರಿದ್ದೇವೆ. ಆದರೆ ಒಬ್ಬನು ಯಾವಾಗ, ಯಾವ ಕಾರಣಕ್ಕೆ, ಯಾರ ಕಣ್ಣೆದುರಿನಲ್ಲೇ ದೂರವಾದನೆಂಬುದನ್ನು ಹಿಂದಕ್ಕೆ ಹೋಗಿ ಹೆಜ್ಜೆ ಹೆಜ್ಜೆಯಾಗಿ ಪರಿಶೀಲಿಸಿದ್ದು ಒಂದೇ ಒಂದು ಸಲ. ಆ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆ ಯೌವನಸ್ಥನನ್ನು ತಿಮೊಥಿ ಎಂದು ಕರೆಯುತ್ತೇನೆ; ಅದು ಅವನ ಹೆಸರಲ್ಲ. ಊರು, ಕಾಲೇಜು, ಸಭೆಯ ಪಂಗಡ ಯಾವುದನ್ನೂ ಹೇಳಿಲ್ಲ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದು ಮುಗಿಸಿದ ಮೇಲೆ ಅವನಿಗೆ ಓದಲು ಕೊಟ್ಟೆ. ಎರಡು ಕಡೆ ಗೆರೆ ಎಳೆದು, "ಇಲ್ಲಿ ನನ್ನನ್ನು ಇದ್ದದ್ದಕ್ಕಿಂತ ಒಳ್ಳೆಯವನನ್ನಾಗಿ ತೋರಿಸಿದ್ದೀರಿ ಅಣ್ಣ" ಎಂದು ತಿದ್ದಿಕೊಟ್ಟ. ಅವನ ತಿದ್ದುಪಡಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ತಿಮೊಥಿ ಹುಟ್ಟಿ ಬೆಳೆದದ್ದು ವಿಶ್ವಾಸಿಗಳ ಮನೆಯಲ್ಲಿ. ಸಂಡೆ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಚನಗಳು ಅವನಿಗೆ ಇಂದಿಗೂ ನೆನಪಿವೆ. ಹದಿನಾರನೆಯ ವಯಸ್ಸಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ತಾನೇ ಸಭಾಪಾಲಕರನ್ನು ಕೇಳಿಕೊಂಡು ದೀಕ್ಷಾಸ್ನಾನ ಪಡೆದಿದ್ದ. ಅವನ ಊರಿನ ಸಭೆ ಚಿಕ್ಕದು. ಅಲ್ಲಿ ಯಾರಾದರೂ ಒಂದು ವಾರ ತಪ್ಪಿಸಿಕೊಂಡರೆ ಆರಾಧನೆ ಮುಗಿಯುವುದರೊಳಗೆ ಕಾರಣ ಎಲ್ಲರಿಗೂ ತಿಳಿದಿರುತ್ತಿತ್ತು. ಚಿಕ್ಕ ಸಭೆಯ ಈ ಗುಣ ಹದಿಹರೆಯದವರಿಗೆ ಕಿರಿಕಿರಿಯೆನಿಸುವುದು ಸಹಜ. ಅವನಿಗೂ ಹಾಗೆಯೇ ಅನಿಸುತ್ತಿತ್ತಂತೆ.

ಹದಿನೆಂಟಕ್ಕೆ ಅವನು ಓದಲೆಂದು ನಮ್ಮ ನಗರಕ್ಕೆ ಬಂದ. ಊರಿನ ಸಭಾಪಾಲಕರು ಒಂದು ಪರಿಚಯ ಪತ್ರ ಕೊಟ್ಟು ಕಳುಹಿಸಿದ್ದರು. ನಮ್ಮ ಸಭೆ ಆ ಸಭೆಯ ಐದಾರು ಪಟ್ಟು ದೊಡ್ಡದು. ಪತ್ರವನ್ನು ಕಚೇರಿಯಲ್ಲಿ ತೆಗೆದುಕೊಂಡೆವು, ಹೆಸರು ಬರೆದುಕೊಂಡೆವು, ವಾಟ್ಸಾಪ್ ಗುಂಪಿಗೆ ಸೇರಿಸಿದೆವು. ಸ್ವಾಗತಿಸಿದ್ದೇವೆ ಎಂದು ಪ್ರಾಮಾಣಿಕವಾಗಿ ನಂಬಿದೆವು.

ಮೊದಲ ನಾಲ್ಕೈದು ತಿಂಗಳು ಅವನು ಹೆಚ್ಚುಕಡಿಮೆ ಪ್ರತಿ ಭಾನುವಾರವೂ ಬಂದ. ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕುಳಿತು, ಕೊನೆಯ ಕೀರ್ತನೆ ಮುಗಿಯುವ ಮುನ್ನವೇ ಎದ್ದು ಹೋಗುತ್ತಿದ್ದ. ಅಷ್ಟು ತಿಂಗಳಲ್ಲಿ ತನ್ನನ್ನು ಹೆಸರು ಹಿಡಿದು ಮಾತನಾಡಿಸಿದವರು ಇಬ್ಬರು ಎಂದು ಅವನು ಹೇಳುತ್ತಾನೆ. ಒಬ್ಬನು ನಾನು, ಎರಡನೆಯವರು ವಾಹನ ನಿಲ್ಲಿಸುವ ಜಾಗ ನೋಡಿಕೊಳ್ಳುವವರು. ಆಮೇಲೆ ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಹಬ್ಬಕ್ಕೊಮ್ಮೆ ಎನ್ನುವಂತಾಯಿತು. ಎರಡನೆಯ ವರ್ಷದ ನಡುವಿನಲ್ಲಿ ಪೂರ್ತಿ ನಿಂತಿತು. ನಾನು ಅದನ್ನು ಗಮನಿಸಿದ್ದು ನಿಂತು ಎರಡು ತಿಂಗಳಾದ ಮೇಲೆ.

ಬೈಬಲಿನ ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಯೂತಿಖನೆಂಬ ಯೌವನಸ್ಥನ ಸಂಗತಿ ಬರುತ್ತದೆ. ತ್ರೋವ ಪಟ್ಟಣದಲ್ಲಿ ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಕೂಡಿದ್ದಾಗ, ಅಪೊಸ್ತಲನಾದ ಪೌಲನ ಪ್ರಸಂಗ ಮಧ್ಯರಾತ್ರಿಯವರೆಗೆ ಬೆಳೆಯುತ್ತದೆ; ಕಿಟಕಿಯಲ್ಲಿ ಕುಳಿತಿದ್ದ ಈ ಹುಡುಗ ನಿದ್ದೆ ಹೋಗಿ ಮೂರನೆಯ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಉದ್ದನೆಯ ಪ್ರಸಂಗಗಳ ಬಗ್ಗೆ ತಮಾಷೆ ಮಾಡಲು ನಾವು ಈ ಭಾಗವನ್ನು ಬಳಸುತ್ತೇವೆ. ತಿಮೊಥಿಯ ಪ್ರಕರಣದ ನಂತರ ನನಗೆ ಅದರಲ್ಲಿ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಬಿದ್ದದ್ದು ಒಡನೆಯೇ ಗೊತ್ತಾಯಿತು, ಪೌಲನು ಪ್ರಸಂಗವನ್ನು ಅಲ್ಲಿಗೇ ಬಿಟ್ಟು ಕೆಳಗಿಳಿದು ಅವನನ್ನು ತಬ್ಬಿಕೊಂಡನು. ನಮ್ಮಲ್ಲಿ ಒಬ್ಬನು ಬಿದ್ದದ್ದು ನಮಗೆ ಕೇಳಿಸಲೇ ಇಲ್ಲ.

ಸಮಸ್ಯೆ ಎಲ್ಲಿತ್ತು

ತಿಮೊಥಿ ವಿಶ್ವಾಸವನ್ನು ಬಿಟ್ಟಿರಲಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಬೇಕು, ಏಕೆಂದರೆ ಬರುವುದನ್ನು ನಿಲ್ಲಿಸಿದವನು ನಂಬುವುದನ್ನೂ ನಿಲ್ಲಿಸಿದ್ದಾನೆಂದು ಭಾವಿಸಿದ್ದೇ ನಮ್ಮ ಮೊದಲ ತಪ್ಪು. ಅವನು ವಾರಕ್ಕೆ ಮೂರು ನಾಲ್ಕು ಪ್ರಸಂಗಗಳನ್ನು ಮೊಬೈಲಿನಲ್ಲಿ ಕೇಳುತ್ತಿದ್ದ, ಟಿಪ್ಪಣಿ ಬರೆಯುತ್ತಿದ್ದ. 2020ರ ಸಾಂಕ್ರಾಮಿಕದ ಕಾಲದಲ್ಲಿ ಸಭೆಗಳು ಬಾಗಿಲು ಮುಚ್ಚಿ ಆನ್‌ಲೈನ್ ಆರಾಧನೆಗೆ ತಿರುಗಿದಾಗ ಅವನಿನ್ನೂ ಶಾಲಾ ಹುಡುಗ. ಪರದೆಯ ಮೂಲಕವೂ ಆರಾಧಿಸಬಹುದು ಎಂಬುದನ್ನು ನಾವೇ ಅವನಿಗೆ ಕಲಿಸಿದ್ದೆವು. "ನಾನು ಸಭೆಯನ್ನು ಬಿಟ್ಟಿರಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡಿದ್ದೆ" ಎಂದು ಅವನು ಮುಂದೆ ಒಮ್ಮೆ ಹೇಳಿದ. ಆ ಮಾತಿನಲ್ಲಿ ಅರ್ಧ ತಮಾಷೆ, ಅರ್ಧ ನಿಜವಿತ್ತು.

ಆದರೆ ಅವನು ಬರುವುದನ್ನು ನಿಲ್ಲಿಸಿದ ವರ್ಷ ನಡೆದದ್ದು ಬೇರೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಅವನು ನಪಾಸಾಗಿ ಮುಂದಿನ ತರಗತಿಗೆ ಹೋಗಲಾಗದೆ ಉಳಿದಿದ್ದ. ಅದನ್ನು ಮನೆಯವರಿಗೆ ಹೇಳಿರಲಿಲ್ಲ. ತಂದೆ ಮುಂದಿನ ವರ್ಷದ ಶುಲ್ಕವೆಂದು ಹಣ ಕಳುಹಿಸಿದರು, ಅವನು ತೆಗೆದುಕೊಂಡ. ಹಗಲು ಮಲಗುವುದು, ರಾತ್ರಿ ಎಚ್ಚರವಿರುವುದು ಅಭ್ಯಾಸವಾಯಿತು. ಗೆಳೆಯರು ಮೇಲಿನ ತರಗತಿಗೆ ಹೋದರು. ಕಿರಿಯರ ಜೊತೆ ಕೂರಲು ನಾಚಿಕೆಯಾಗಿ ತರಗತಿಗೂ ಹೋಗುವುದು ತಪ್ಪಿತು. ಸುಮಾರು ಹತ್ತು ತಿಂಗಳು ಅವನು ಈ ಸುಳ್ಳಿನೊಳಗೆ ಒಬ್ಬನೇ ವಾಸವಾಗಿದ್ದ, ಮತ್ತು ಆ ಹತ್ತು ತಿಂಗಳೂ ಒಳ್ಳೊಳ್ಳೆಯ ಪ್ರಸಂಗಗಳನ್ನು ಕೇಳುತ್ತಲೇ ಇದ್ದ.

ಇದು ಹೇಗೆ ಸಾಧ್ಯವಾಯಿತು ಎಂದು ನಾವಿಬ್ಬರೂ ನಂತರ ಬಹಳ ಹೊತ್ತು ಕುಳಿತು ಮಾತನಾಡಿದ್ದೇವೆ. ಅವನು ತನ್ನ ಟಿಪ್ಪಣಿ ಪುಸ್ತಕವನ್ನು ತಂದು ತೋರಿಸಿದ. ಕೇಳಿದ ಪ್ರಸಂಗಗಳಲ್ಲಿ ಹೆಚ್ಚಿನವು ಪ್ರವಾದನೆಗಳ ವಿವರಣೆ, ಸಂದೇಹವಾದಿಗಳಿಗೆ ಉತ್ತರ, ಅಂತ್ಯಕಾಲದ ಚರ್ಚೆ. ಸತ್ಯ ಹೇಳುವುದರ ಕುರಿತಾಗಲಿ, ತಂದೆತಾಯಿಗಳ ಕುರಿತಾಗಲಿ ಒಂದೂ ಇರಲಿಲ್ಲ. ಬೇಕೆಂದು ತಪ್ಪಿಸಿರಲಿಲ್ಲ, ಬೆರಳು ತಾನಾಗಿಯೇ ಅವುಗಳನ್ನು ದಾಟಿ ಹೋಗಿತ್ತು. ಪರದೆಯ ಮೇಲೆ ಪ್ರಸಂಗಿ ಎಷ್ಟೇ ಗಟ್ಟಿಯಾಗಿ ಮಾತನಾಡಿದರೂ ಅವನನ್ನು ನಿಲ್ಲಿಸುವ ಅಧಿಕಾರ ಕೇಳುವವನ ಕೈಯಲ್ಲಿದೆ. ಸಭೆಯಲ್ಲಿ ಕುಳಿತವನಿಗೆ ಆ ಅಧಿಕಾರವಿಲ್ಲ. ತಾನು ಆರಿಸಿಕೊಳ್ಳದ ವಾಕ್ಯ, ತಾನು ಆರಿಸಿಕೊಳ್ಳದ ಜನರ ನಡುವೆ, ತನಗೆ ಬೇಡವಾದ ವಾರದಲ್ಲೇ ಬಂದು ತಾಕುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಪರದೆ ನಮಗೆ ಕಾಣಿಸುತ್ತದೆಯೇ ಹೊರತು ನಾವು ಪರದೆಗೆ ಕಾಣಿಸುವುದಿಲ್ಲ. ನಿದ್ದೆಗೆಟ್ಟ ಕಣ್ಣು, ಇಳಿದುಹೋದ ಮುಖ, ಗಡ್ಡ ಬಿಟ್ಟ ರೀತಿ, ಇವುಗಳನ್ನು ನೋಡಿ "ಯಾಕಪ್ಪಾ ಹೀಗಿದ್ದೀ?" ಎಂದು ಕೇಳಲು ಎದುರಿಗೆ ಒಬ್ಬ ಮನುಷ್ಯ ಬೇಕು.

ನಾವು ಮಾಡಿದ ಪ್ರಯತ್ನಗಳು

ಮೊದಲು ನಾನು ಸಂದೇಶ ಕಳುಹಿಸಿದೆ. "ಈ ವಾರ ಕಾಣಲಿಲ್ಲ, ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ" ಎಂಬ ಒಂದೇ ವಾಕ್ಯವನ್ನು ಹತ್ತು ಹನ್ನೆರಡು ಮಂದಿಗೆ ಒಟ್ಟಿಗೆ ಕಳುಹಿಸುವುದು ಆಗ ನನ್ನ ರೂಢಿಯಾಗಿತ್ತು. ಅವನಿಗೂ ಅವನ ಕೊಠಡಿಯ ಗೆಳೆಯನಿಗೂ ಅದೇ ನಿಮಿಷದಲ್ಲಿ ಅದೇ ಸಂದೇಶ ಬಂದಿತ್ತು. ಇಬ್ಬರೂ ನಕ್ಕರಂತೆ. ನಾನು ನಿಜವಾಗಿ ಪ್ರಾರ್ಥಿಸಿದ್ದೆನೇ ಎಂದು ಕೇಳಿದರೆ, ಹೆಸರುಗಳ ಪಟ್ಟಿಯನ್ನು ಓದಿದ್ದೆ ಎನ್ನಬಹುದು.

ಎರಡನೆಯದಾಗಿ, ಹಿರಿಯರಲ್ಲೊಬ್ಬರು ಅವನ ವಸತಿಗೆ ಹೋಗಿ ಭೇಟಿಯಾದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೋದದ್ದು; ಒಬ್ಬ ಹುಡುಗನಿಗಾಗಿ ನಗರದ ಇನ್ನೊಂದು ತುದಿಗೆ ಹೋಗಿದ್ದನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದ 25ನೆಯ ವಚನವನ್ನು, ಅಂದರೆ ಸಭೆಯಾಗಿ ಕೂಡಿಬರುವುದನ್ನು ಕೆಲವರ ರೂಢಿಯಂತೆ ಬಿಟ್ಟುಬಿಡಬಾರದೆಂಬ ಮಾತನ್ನು, ಅವನ ಮುಂದಿಟ್ಟು ಬಂದರು. ತಿಮೊಥಿಗೆ ಆ ವಚನ ಬಾಯಿಪಾಠವಿತ್ತು. ಅವನು ಎರಡು ಭಾನುವಾರ ಬಂದ, ಮೂರನೆಯ ವಾರ ಬರಲಿಲ್ಲ. ಆ ಎರಡು ವಾರ ತಾನು ಬಂದದ್ದು ಇನ್ನೊಂದು ಭೇಟಿ ತಪ್ಪಲಿ ಎಂಬುದಕ್ಕಾಗಿ, ದೇವರಿಗಾಗಿ ಅಲ್ಲ ಎಂಬುದು ಅವನು ಈ ಬರಹದಲ್ಲಿ ಸೇರಿಸಲು ಹೇಳಿದ ತಿದ್ದುಪಡಿಗಳಲ್ಲೊಂದು.

ಆ ವಚನವನ್ನು ಉಲ್ಲೇಖಿಸುವಾಗ ನಾವು ಸಾಮಾನ್ಯವಾಗಿ ಅದರ ಹಿಂದಿನ ವಚನವನ್ನು ಬಿಟ್ಟುಬಿಡುತ್ತೇವೆ. 24ನೆಯ ವಚನ ಹೇಳುವುದು, ಒಬ್ಬರ ಹಿತವನ್ನು ಒಬ್ಬರು ಆಲೋಚಿಸಿ ಪ್ರೀತಿಗೂ ಸತ್ಕಾರ್ಯಕ್ಕೂ ಪರಸ್ಪರ ಪ್ರೇರೇಪಿಸಬೇಕೆಂದು. ಕೂಡಿಬರುವುದು ಅದರ ಮುಂದುವರಿಕೆಯಾಗಿ ಬರುತ್ತದೆ. ಹಾಗಾದರೆ, ಕೂಡಿಬರುವುದನ್ನು ಮೊದಲು ಬಿಟ್ಟವರು ಯಾರು? ಕೊನೆಯ ಸಾಲಿನಲ್ಲಿ ನಾಲ್ಕೈದು ತಿಂಗಳು ಕುಳಿತಿದ್ದ ಹುಡುಗನೇ, ಅವನ ಹಿತವನ್ನು ಆಲೋಚಿಸದೆ ಅದೇ ಕಟ್ಟಡದಲ್ಲಿ ಕುಳಿತಿದ್ದ ನಾವೇ? ಈ ಪ್ರಶ್ನೆಯನ್ನು ನಮ್ಮ ಹಿರಿಯರ ಕೂಟದಲ್ಲಿ ಎತ್ತಿದವರು ಆ ಭೇಟಿಗೆ ಹೋಗಿದ್ದ ಹಿರಿಯರೇ ಎಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಮೂರನೆಯ ಪ್ರಯತ್ನ ಯೌವನಸ್ಥರ ಸಂಗೀತ ಸಂಜೆ. ಅವನು ಬಂದ, ಸಂತೋಷಪಟ್ಟ, ಹೋದ. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಒಂದು ದೂರವಾಣಿ ಕರೆ

ನಮ್ಮ ಸಭೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ, ಇರುತ್ತದೆ. ಅಂದು ಮಧ್ಯಾಹ್ನ ಸಭಾಪಾಲಕರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಅವರಿಗೂ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಬರುತ್ತಾರೆ. ಅವರ ಜೊತೆ ಹೋಗುವವರು ಒಬ್ಬ ಹಿರಿಯ ಸಹೋದರಿ, ನಿವೃತ್ತ ದಾದಿ. ಆ ವರ್ಷ ಅವರ ಮೊಣಕಾಲು ನೋವು ಹೆಚ್ಚಾಗಿ, ಪಾತ್ರೆಗಳೂ ಕೀರ್ತನೆ ಪುಸ್ತಕಗಳೂ ಇರುವ ಚೀಲವನ್ನು ಹೊತ್ತು ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಅವರು ನನ್ನ ಬಳಿ ಬಂದು, "ಬಾಗಿಲ ಹತ್ತಿರ ಕೂರ್ತಿದ್ದನಲ್ಲ ಆ ಹುಡುಗ, ಅವನ ನಂಬರು ಕೊಡು" ಎಂದರು. ಅವನು ಬರುತ್ತಿಲ್ಲವೆಂದೆ. "ಗೊತ್ತು, ಅದಕ್ಕೇ ಕೇಳ್ತಿದ್ದೀನಿ" ಎಂದರು.

ನಾನು ಒಡನೆ ಕೊಡಲಿಲ್ಲ. ಆರಾಧನೆಗೇ ಬಾರದವನಿಗೆ ಇಂಥ ಪವಿತ್ರ ಕೆಲಸದಲ್ಲಿ ಪಾಲು ಕೊಡಬಹುದೇ ಎಂಬ ಅಳುಕಿತ್ತು. ಹಿರಿಯರಲ್ಲಿ ಇಬ್ಬರು, ಮೊದಲು ಅವನು ಕ್ರಮವಾಗಿ ಬರಲಿ, ಜವಾಬ್ದಾರಿ ಆಮೇಲೆ ಎಂದರು. ಅವರ ವಾದ ಹುರುಳಿಲ್ಲದ್ದಲ್ಲ. ಹಾಡಲು ಬರುತ್ತದೆಂಬ ಒಂದೇ ಕಾರಣಕ್ಕೆ ಹುಡುಗರನ್ನು ವೇದಿಕೆಗೆ ಹತ್ತಿಸಿ, ಆಮೇಲೆ ಅವರ ಜೀವನ ಬೇರೆಯೆಂದು ತಿಳಿದು ಎಲ್ಲರೂ ನೊಂದ ಅನುಭವ ನಮಗಿತ್ತು. ಕೊನೆಗೆ ಸಭಾಪಾಲಕರು ಒಂದು ಗೆರೆ ಎಳೆದರು. ಬೋಧಿಸುವುದು, ನಡೆಸುವುದು ಬೇರೆ. ಹೊರುವುದು, ಜೊತೆಗೆ ನಡೆಯುವುದು ಬೇರೆ. ಮೊದಲನೆಯದಕ್ಕೆ ಪರೀಕ್ಷೆ ಬೇಕು. ಎರಡನೆಯದಕ್ಕೆ ಎರಡು ಕೈ ಸಾಕು. ಈ ಪ್ರಕರಣದಲ್ಲಿ ನಾವು ಕೈಗೊಂಡ ಅತ್ಯಂತ ಫಲಕಾರಿಯಾದ ನಿರ್ಧಾರ ಅದೇ ಎಂದು ಈಗ ತೋರುತ್ತದೆ.

ಆ ಸಹೋದರಿ ಅವನಿಗೆ ಕರೆ ಮಾಡಿ, ಯಾಕೆ ಬರುತ್ತಿಲ್ಲವೆಂದು ಕೇಳಲೇ ಇಲ್ಲ. "ಮಗನೇ, ಮೊದಲನೇ ಭಾನುವಾರ ಮಧ್ಯಾಹ್ನ ಎರಡು ಗಂಟೆ ಬಿಡುವಿದೆಯಾ? ನನಗೆ ಚೀಲ ಹೊತ್ತು ಮೆಟ್ಟಿಲು ಹತ್ತೋಕೆ ಆಗ್ತಿಲ್ಲ" ಎಂದರು. "ಸಭೆಗೆ ಬಾ ಎಂದಿದ್ದರೆ ಹತ್ತು ನೆಪ ಸಿದ್ಧವಿದ್ದವು. ಮೊಣಕಾಲು ನೋವಿಗೆ ಯಾವ ನೆಪ ಹೇಳುವುದು?" ಎನ್ನುತ್ತಾನೆ ತಿಮೊಥಿ.

ಹೊಸ ಒಡಂಬಡಿಕೆಯಲ್ಲಿ ನಾವು ಅನ್ಯೋನ್ಯತೆ ಎಂದು ಓದುವ ಪದದ ಗ್ರೀಕ್ ಮೂಲ ಕೊಯ್ನೊನಿಯ. ಅದೇ ಪದದ ಬೇರಿನಿಂದ ಬಂದ ಇನ್ನೊಂದು ರೂಪ ಲೂಕನ ಸುವಾರ್ತೆ 5:10ರಲ್ಲಿದೆ: ಯಾಕೋಬ ಯೋಹಾನರು ಸೀಮೋನನ ಪಾಲುಗಾರರಾಗಿದ್ದರು ಎನ್ನುವಲ್ಲಿ. ಅಲ್ಲಿ ಅದರ ಅರ್ಥ ಮೀನು ಹಿಡಿಯುವ ಕಸುಬಿನಲ್ಲಿ ಪಾಲು. ಒಟ್ಟಿಗೆ ಕುಳಿತು ಕೇಳುವುದೂ ಅನ್ಯೋನ್ಯತೆಯೇ, ಆದರೆ ಒಂದೇ ಬಲೆಯನ್ನು ಎಳೆಯುವುದು ಅದರ ಹಳೆಯ ಅರ್ಥದೊಳಗೇ ಇದೆ. ಯೌವನಸ್ಥರಿಗೆ ನಾವು ಕುರ್ಚಿ ಕೊಡುತ್ತೇವೆ, ಕಾರ್ಯಕ್ರಮ ಕೊಡುತ್ತೇವೆ. ಬಲೆಯ ಒಂದು ತುದಿಯನ್ನು ಕೊಡುವುದು ಮರೆತುಹೋಗುತ್ತದೆ.

ಇನ್ನೊಂದು ಮಾತು. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ರಕ್ತಸಾಕ್ಷಿ ಜಸ್ಟಿನ್, ಚಕ್ರವರ್ತಿ ಆಂಟೋನಿನಸ್ ಪಯಸ್‌ಗೆ ಬರೆದ ಸಮರ್ಥನೆಯಲ್ಲಿ ಕ್ರೈಸ್ತರ ಭಾನುವಾರದ ಕೂಟವನ್ನು ವರ್ಣಿಸಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಕೂಡುತ್ತಾರೆ, ಅಪೊಸ್ತಲರ ಇಲ್ಲವೆ ಪ್ರವಾದಿಗಳ ಬರಹಗಳನ್ನು ಓದುತ್ತಾರೆ, ಬೋಧನೆ, ಪ್ರಾರ್ಥನೆಗಳಾದ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಪಾಲುಹೊಂದುತ್ತಾರೆ, ಬಾರದಿದ್ದವರಿಗೆ ಸಭಾಸೇವಕರ ಕೈಯಲ್ಲಿ ಅವರ ಪಾಲನ್ನು ಕಳುಹಿಸುತ್ತಾರೆ. ಈ ಕೊನೆಯ ವಾಕ್ಯವನ್ನು ನಾನು ವರ್ಷಗಟ್ಟಲೆ ಓದಿ ದಾಟಿದ್ದೆ. ಬಾರದವರಿಗೆ ಪಾಲು ಕಳುಹಿಸಬೇಕಾದರೆ ಬಾರದವರು ಯಾರೆಂದು ಗೊತ್ತಿರಬೇಕು, ಅವರ ಮನೆ ಎಲ್ಲಿದೆಯೆಂದೂ ಗೊತ್ತಿರಬೇಕು.

ಮೆಟ್ಟಿಲ ಮೇಲಿನ ಮಾತು

ಮೊದಲ ತಿಂಗಳು ತಿಮೊಥಿ ಚೀಲ ಹೊತ್ತ, ಬಾಗಿಲಲ್ಲಿ ನಿಂತ, ಹಿಂದಿರುಗಿದ. ಎರಡನೆಯ ತಿಂಗಳು ಪಾರ್ಶ್ವವಾಯುವಿನಿಂದ ಮಲಗಿದ್ದ ಒಬ್ಬ ವೃದ್ಧರು ಅವನ ಹೆಸರು ಕೇಳಿ, ಕೀರ್ತನೆಯೊಂದನ್ನು ಓದಿಸಿಕೊಂಡರು. ಮೂರನೆಯ ತಿಂಗಳು ಅವನು ಒಳಗೆ ಕಾಲಿಡುತ್ತಲೇ ಹೆಸರು ಹಿಡಿದು ಕರೆದರು. ತಡವರಿಸುವ ನಾಲಿಗೆಯಲ್ಲಿ, "ಓದು ಹೇಗೆ ನಡೀತಿದೆ?" ಎಂದು ಕೇಳಿದರು. ಅವನು, "ಚೆನ್ನಾಗಿ ನಡೀತಿದೆ ತಾತ" ಎಂದ. ಆಮೇಲೆ ವೃದ್ಧರು ಪ್ರಾರ್ಥಿಸಿದರು. ತಮ್ಮ ಕಾಯಿಲೆಯ ವಿಷಯ ಒಂದು ಮಾತೂ ಇರಲಿಲ್ಲ. ಈ ಹುಡುಗನ ಓದು ಚೆನ್ನಾಗಿ ನಡೆಯುತ್ತಿರುವುದಕ್ಕಾಗಿ ಕರ್ತನಿಗೆ ಸ್ತೋತ್ರ ಎಂದು ಎರಡು ಸಲ ಹೇಳಿದರು.

"ನನ್ನ ಸುಳ್ಳಿಗೆ ಅವರು ದೇವರಿಗೆ ಸ್ತೋತ್ರ ಹೇಳಿದರು" ಎಂದು ತಿಮೊಥಿ ಹೇಳುವಾಗ ಇಂದಿಗೂ ಅವನ ಧ್ವನಿ ಬದಲಾಗುತ್ತದೆ. ಹತ್ತು ತಿಂಗಳು ಕೇಳಿದ ಪ್ರಸಂಗಗಳು ಮಾಡದ ಕೆಲಸವನ್ನು ಆ ಅರ್ಧ ನಿಮಿಷ ಮಾಡಿತು. ಆ ವೃದ್ಧರಿಗೆ ಯಾವ ಅನುಮಾನವೂ ಇರಲಿಲ್ಲ, ಅವರು ಅವನನ್ನು ತಿದ್ದಲು ಹೊರಟಿರಲೂ ಇಲ್ಲ. ಅವನ ಸಂತೋಷದಲ್ಲಿ ಪಾಲು ತೆಗೆದುಕೊಂಡರು, ಅಷ್ಟೇ. ಆದರೆ ಆ ಸಂತೋಷವೇ ಇರಲಿಲ್ಲ.

ಕೆಳಗಿಳಿಯುವಾಗ ಅವನು ಮೆಟ್ಟಿಲ ಮೇಲೆ ನಿಂತುಬಿಟ್ಟ. ಸಭಾಪಾಲಕರು ಮುಂದೆ ಹೋಗಿದ್ದರು. ಆ ಸಹೋದರಿ ನೋಯುವ ಕಾಲನ್ನು ಚಾಚಿ ಅಲ್ಲೇ ಕುಳಿತುಕೊಂಡರು. ಅವನು ಎಲ್ಲವನ್ನೂ ಹೇಳಿದ. ಅವರು ವಚನ ಹೇಳಲಿಲ್ಲ, ಬೈಯಲೂ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಮನೆಗೆ ಯಾವತ್ತು ಹೇಳ್ತೀ?" ಅವನು ಸುಮ್ಮನಿದ್ದ. "ಒಬ್ಬನೇ ಹೇಳಬೇಡ. ಫೋನು ಮಾಡುವಾಗ ನಾನು ಪಕ್ಕದಲ್ಲಿ ಕೂತಿರ್ತೀನಿ."

ಅದೇ ವಾರದ ಬುಧವಾರ, ಆ ಸಹೋದರಿಯ ಮನೆಯಿಂದ, ಅವನು ತಂದೆಗೆ ಕರೆ ಮಾಡಿದ. ಇಲ್ಲಿಂದ ಮುಂದೆ ಎಲ್ಲವೂ ಸರಿಹೋಯಿತೆಂದು ಬರೆಯಲು ನನಗೂ ಇಷ್ಟವಿತ್ತು. ತಂದೆ ಕರೆ ಕತ್ತರಿಸಿದರು. ಸುಮಾರು ಆರು ವಾರ ಮಗನೊಡನೆ ಮಾತನಾಡಲಿಲ್ಲ; ತಾಯಿ ಮಾತ್ರ ಮಾತನಾಡುತ್ತಿದ್ದರು. ಆ ಆರು ವಾರಗಳಲ್ಲಿ ತಿಮೊಥಿ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಭಕ್ತಿ ಹೆಚ್ಚಿತ್ತೇ ಎಂದು ಕೇಳಿದೆ. ಇಲ್ಲ, ತನ್ನ ವಿಷಯ ಗೊತ್ತಿದ್ದೂ ಮುಖ ತಿರುಗಿಸದವರು ಇದ್ದ ಜಾಗ ಅದೊಂದೇ ಆಗಿತ್ತು ಎಂದ.

ಎರಡನೆಯ ತಿರುವು

ಅನ್ಯೋನ್ಯತೆ ಗುಣಪಡಿಸುತ್ತದೆ ಎನ್ನುವವರು ಅದು ಗಾಯವನ್ನೂ ಮಾಡುತ್ತದೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಎರಡು ತಿಂಗಳ ನಂತರ ಒಂದು ಪ್ರಾರ್ಥನಾ ಕೂಟದಲ್ಲಿ, ವಿಷಯವನ್ನು ಹೇಗೋ ತಿಳಿದುಕೊಂಡಿದ್ದ ಒಬ್ಬ ಸಹೋದರರು, ತಿಮೊಥಿಯ ಹೆಸರು ಹೇಳಿ, ಅವನು ನಪಾಸಾದದ್ದನ್ನೂ ತಂದೆಗೆ ಸುಳ್ಳು ಹೇಳಿದ್ದನ್ನೂ ಪ್ರಾರ್ಥನಾ ವಿಷಯವಾಗಿ ಎಲ್ಲರ ಮುಂದಿಟ್ಟರು. ಕೂಟದಲ್ಲಿ ಅವನ ಸಹಪಾಠಿಗಳಿದ್ದರು. ಚಾಡಿಯನ್ನು ಚಾಡಿಯೆಂದು ಗುರುತಿಸುವುದು ಸುಲಭ. ಅದು ಕಣ್ಣು ಮುಚ್ಚಿ, ಆಮೆನ್ ಸಹಿತವಾಗಿ ಬಂದಾಗ ಗುರುತಿಸುವುದು ಕಷ್ಟ.

ಅವನು ಇನ್ನು ಬರುವುದಿಲ್ಲವೆಂದು ನನಗೆ ತಿಳಿಸಿದ. ಈ ಸಲ ನಾನು ಸಂದೇಶ ಕಳುಹಿಸಲಿಲ್ಲ, ಹೋದೆ. ತಪ್ಪು ನಮ್ಮದೆಂದು ಒಪ್ಪಿಕೊಂಡೆ, ಬಾ ಎಂದು ಕರೆಯಲಿಲ್ಲ. ಆ ಸಹೋದರರ ಬಳಿ ನಾನು ಮಾತನಾಡುತ್ತೇನೆಂದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, ಮತ್ತಾಯನ ಸುವಾರ್ತೆ 18ನೆಯ ಅಧ್ಯಾಯದಂತೆ ತಪ್ಪು ಮಾಡಿದವನ ಬಳಿಗೆ ಮೊದಲು ತಾನೇ ಒಬ್ಬನಾಗಿ ಹೋಗಬೇಕಲ್ಲವೇ ಎಂದು ಕೇಳಿದ. ಹೌದೆಂದೆ. ಹೋಗುವನೆಂದು ಮಾತ್ರ ನಾನು ಎಣಿಸಿರಲಿಲ್ಲ.

ಹೋದ. ಆ ಸಹೋದರರು ಮೊದಲು ಸಮರ್ಥಿಸಿಕೊಂಡರು, ಆಮೇಲೆ ಅತ್ತರು, ಮುಂದಿನ ಕೂಟದಲ್ಲಿ ಹೆಸರು ಹೇಳದೆ ತಮ್ಮ ತಪ್ಪನ್ನು ಒಪ್ಪಿಕೊಂಡರು. ಇಬ್ಬರೂ ಆಪ್ತರಾದರೆಂದು ಹೇಳಲಾರೆ, ಎದುರಾದಾಗ ಕೈಕುಲುಕುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಿಜವಾದ ತಿರುವು ಮೆಟ್ಟಿಲ ಮೇಲೆ ನಡೆದದ್ದಕ್ಕಿಂತ ಹೆಚ್ಚಾಗಿ ಇದು. ಮೆಟ್ಟಿಲ ಮೇಲೆ ಅವನು ಸಭೆಯಿಂದ ಪಡೆದುಕೊಂಡ. ಇಲ್ಲಿ ಸಭೆಗೆ ಏನನ್ನೋ ಕೊಟ್ಟ. ಮೊಬೈಲಿನಲ್ಲಿ ಪ್ರಸಂಗ ಕೇಳುವವನಿಗೆ ಕ್ಷಮಿಸಬೇಕಾದವರು ಯಾರೂ ಎದುರಾಗುವುದಿಲ್ಲ.

ನಮ್ಮಲ್ಲಿ ಬದಲಾದದ್ದು, ಬದಲಾಗದೆ ಉಳಿದದ್ದು

ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ ಖಾಸಗಿ ಸಂಗತಿಯನ್ನು ಪ್ರಾರ್ಥನಾ ವಿಷಯವಾಗಿ ಹೇಳಬಾರದೆಂಬ ನಿಯಮವನ್ನು ಆ ತಿಂಗಳೇ ಮಾಡಿದೆವು. ಪರಿಚಯ ಪತ್ರ ತಂದ ಯೌವನಸ್ಥರನ್ನು ವಾಟ್ಸಾಪ್ ಗುಂಪಿಗೆ ಸೇರಿಸುವ ಮುನ್ನ ಒಂದು ಕುಟುಂಬದ ಜೊತೆ ಸೇರಿಸುತ್ತೇವೆ, ಮೊದಲ ತಿಂಗಳೊಳಗೆ ಚಿಕ್ಕದಾದರೂ ನಿಜವಾದ ಒಂದು ಕೆಲಸ ಕೊಡುತ್ತೇವೆ. ನಿಜವಾದ ಎಂಬುದಕ್ಕೆ ಒತ್ತು ಬೇಕು. ಅವರನ್ನು ಉಳಿಸಿಕೊಳ್ಳಲೆಂದೇ ಹುಟ್ಟಿಸಿದ ಕೆಲಸವನ್ನು ಅವರು ಒಂದೇ ವಾರದಲ್ಲಿ ಪತ್ತೆಹಚ್ಚುತ್ತಾರೆ. ಆ ಸಹೋದರಿಯ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿಯವರು ತಮ್ಮ ಕಟ್ಟಡದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡು ಮಂದಿಯ ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬ ನಾಯಕ ವಾರಕ್ಕೊಂದು ಪೆನ್ನಿಯಂತೆ ಕೂಡಿಸುವ ಏರ್ಪಾಡು ಮಾಡಿಕೊಂಡರು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರಿಗೆ ಯಾರ ಜೀವನ ಹೇಗಿದೆಯೆಂಬುದು ಕಾಣತೊಡಗಿತು, ಅವರ ಮುಖಂಡ ಜಾನ್ ವೆಸ್ಲಿ ಅದೇ ಏರ್ಪಾಡನ್ನು ಆತ್ಮಿಕ ಪಾಲನೆಯ ಕ್ರಮವಾಗಿ ಬೆಳೆಸಿದರು. ಬೇರೊಂದು ಕೆಲಸಕ್ಕಾಗಿ ಕ್ರಮ ತಪ್ಪದೆ ಭೇಟಿಯಾಗುವಾಗ ಮನುಷ್ಯರು ಒಬ್ಬರಿಗೊಬ್ಬರು ಕಾಣಿಸುತ್ತಾರೆ. ಕಾಣಬೇಕೆಂದೇ ಹೊರಟಾಗ ಅಡಗಿಕೊಳ್ಳುತ್ತಾರೆ. ಯೌವನಸ್ಥರ ವಿಷಯದಲ್ಲಂತೂ ಇದು ಹೆಚ್ಚು ನಿಜ.

ಕ್ರಮ ತಪ್ಪದೆ ಎಂಬುದರ ಬೆಲೆ ನಮಗೆ ಗೊತ್ತಾದದ್ದು ಮುಂದಿನ ವರ್ಷ ಪರೀಕ್ಷೆಯ ಸಮಯದಲ್ಲಿ. ತಿಮೊಥಿ ಎರಡು ವಾರ ಬರಲಿಲ್ಲ. ಎರಡನೆಯ ಭಾನುವಾರದ ಸಂಜೆಯೊಳಗೆ ಮೂವರು ಅವನನ್ನು ವಿಚಾರಿಸಿದ್ದರು, ಅದರಲ್ಲಿ ಆ ವೃದ್ಧರ ಹೆಂಡತಿಯೂ ಒಬ್ಬರು. ಯಾವಾಗಲೋ ಒಮ್ಮೆ ಬರುವವನು ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪ್ರತಿ ವಾರ ಬರುವವನ ಗೈರುಹಾಜರಿಗೆ ಮಾತ್ರ ಧ್ವನಿ ಇರುತ್ತದೆ. ಆ ಸಲ ಅವನು ನಿಜವಾಗಿಯೂ ಓದುತ್ತಲೇ ಇದ್ದ. ಮೂವರಿಗೂ ಹಾಗೆಂದೇ ಉತ್ತರಿಸಿದ, ಆ ವರ್ಷ ತೇರ್ಗಡೆಯಾದ.

ಇದೇ ದಾರಿ ಎಲ್ಲರಿಗೂ ಸಲ್ಲುತ್ತದೆಂದು ಹೇಳಲಾರೆ. ಅದೇ ವರ್ಷ ದೂರವಾಗಿದ್ದ ಒಬ್ಬ ಯುವತಿಗೂ ಹೀಗೆಯೇ ಒಂದು ಕೆಲಸ ಒಪ್ಪಿಸಲು ಹೋದೆವು. ಆಕೆ ಬರಲಿಲ್ಲ. ಸಭೆಯವರೊಬ್ಬರಿಂದ ಆಕೆಗೆ ಅನ್ಯಾಯವಾಗಿತ್ತೆಂಬುದು ಆಮೇಲೆ ತಿಳಿಯಿತು. ಅದನ್ನು ವಿಚಾರಿಸಿ ಸರಿಪಡಿಸದೆ ಕ್ರಮವಾಗಿ ಬಾ ಎನ್ನುವುದು ಆಕೆಗೆ ಮಾಡುವ ಎರಡನೆಯ ಅನ್ಯಾಯವಾಗುತ್ತಿತ್ತು. ಈಗ ಆಕೆ ಬೇರೊಂದು ಸಭೆಯಲ್ಲಿದ್ದಾಳೆ. ಅಲ್ಲಿ ನೆಲೆಯಾಗಲು ನಮ್ಮ ಸಭಾಪಾಲಕರ ಹೆಂಡತಿ ನೆರವಾದರು. ಕಾಯಿಲೆಯವರಿಗೂ ಪಾಳಿಯ ಕೆಲಸದವರಿಗೂ ಆನ್‌ಲೈನ್ ಆರಾಧನೆ ಇಂದಿಗೂ ಇದೆ, ಇರಬೇಕು. ಆದರೆ ಅವರ ಪಟ್ಟಿ ಈಗ ಆ ಸಹೋದರಿಯ ಬಳಿಯೂ ಇರುತ್ತದೆ, ಏಕೆಂದರೆ ತಿಂಗಳ ಮೊದಲ ಭಾನುವಾರ ಚೀಲ ಅವರ ಮನೆಗಳಿಗೂ ಹೋಗುತ್ತದೆ.

ಓದು ಮುಗಿಸಿದ ತಿಮೊಥಿ ಕೆಲಸಕ್ಕಾಗಿ ಇನ್ನೊಂದು ನಗರಕ್ಕೆ ಹೋಗಿದ್ದಾನೆ. ಈ ಸಲ ಪರಿಚಯ ಪತ್ರದ ಜೊತೆಗೆ ಅಲ್ಲಿಯ ಒಬ್ಬ ಹಿರಿಯರಿಗೆ ನಾನೇ ಕರೆ ಮಾಡಿದ್ದೆ. ಅವರು ಊರಲ್ಲಿರಲಿಲ್ಲವೆಂದು ಕಾಣುತ್ತದೆ. ತಿಂಗಳ ನಂತರ ಅವನು ಕರೆ ಮಾಡಿದ. ಮೊದಲ ಮೂರು ವಾರ ಅಲ್ಲಿ ತನ್ನ ಹೆಸರನ್ನು ಯಾರೂ ಕೇಳಲಿಲ್ಲವಂತೆ. ನಾಲ್ಕನೆಯ ವಾರ ಆರಾಧನೆಗೆ ಅರ್ಧ ಗಂಟೆ ಮೊದಲೇ ಹೋಗಿ, ಕುರ್ಚಿ ಜೋಡಿಸುತ್ತಿದ್ದವರ ಜೊತೆ ಸೇರಿಕೊಂಡು, ತಾನೇ ಅವರ ಹೆಸರುಗಳನ್ನು ಕೇಳಿದನಂತೆ. ಅವುಗಳನ್ನು ನನಗೂ ಒಂದೊಂದಾಗಿ ಹೇಳಿದ. ಆರು ಹೆಸರುಗಳಿದ್ದವು.